ಹಣದ ಪಾಠಕ್ಕೆ ಇನ್ನೊಂದು ಪುಸ್ತಕ ಬೇಡ: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ, ಹಾಗೂ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ ನಿರ್ದೇಶಕರಿಗೆ,

ಗೌರವಪೂರ್ವಕ ನಮಸ್ಕಾರಗಳು.

ತುಮಕೂರು ಜಿಲ್ಲೆ ತಿಪಟೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತನಾದವನು ನಾನು. ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡವರ ಸುದ್ದಿ ಬಂದಾಗಲೆಲ್ಲ, ವಾರದ ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಬಂದಾಗಲೆಲ್ಲ, 'ಇದನ್ನೆಲ್ಲ ಶಾಲೆಯಲ್ಲೇ ಕಲಿಸಬೇಕಿತ್ತು' ಎಂಬ ಮಾತು ಕೇಳಿಬರುತ್ತದೆ. ಹಣಕಾಸಿನ ಶಿಕ್ಷಣವನ್ನು ಪ್ರತ್ಯೇಕ ವಿಷಯವಾಗಿಸಿ, ಅದಕ್ಕೊಂದು ಪಠ್ಯಪುಸ್ತಕ, ಒಂದು ಅವಧಿ, ಒಂದಿಷ್ಟು ಅಂಕ ಗೊತ್ತು ಮಾಡಬೇಕೆಂಬ ಒತ್ತಾಯವೂ ಅದರ ಹಿಂದೆಯೇ ಬರುತ್ತದೆ. ಮಕ್ಕಳಿಗೆ ಹಣದ ವಿವೇಕ ಬರಬೇಕೆಂಬುದರಲ್ಲಿ ನನ್ನ ತಕರಾರಿಲ್ಲ. ಆದರೆ ಪುಸ್ತಕ, ಅವಧಿ, ಅಂಕಗಳ ಈ ದಾರಿಯಲ್ಲಿ ಅದು ಬರುತ್ತದೆಂಬ ನಂಬಿಕೆಗೆ ಆಧಾರ ಬಹಳ ತೆಳುವಾಗಿದೆ. ಬೇರೆ ದಾರಿಗಳಿವೆ, ಅವುಗಳಲ್ಲಿ ಕೆಲವನ್ನು ನಮ್ಮ ಶಾಲೆಗಳೇ ಒಮ್ಮೆ ತುಳಿದು ಬಿಟ್ಟಿವೆ. ಇಷ್ಟನ್ನು ನಿಮ್ಮ ಗಮನಕ್ಕೆ ತರಲು ಈ ಪತ್ರ.

ಮೊದಲನೆಯದಾಗಿ, ಹಣದ ಪಾಠ ನಮ್ಮಲ್ಲಿ ಇಲ್ಲವೇ ಇಲ್ಲ ಎಂಬ ಮಾತು ಸರಿಯಲ್ಲ. ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ವ್ಯವಹಾರ ಅಧ್ಯಯನ ಎಂಬ ಭಾಗವಿದೆ. ಅದರಲ್ಲಿ ಬ್ಯಾಂಕ್ ವ್ಯವಹಾರಗಳ ಬಗ್ಗೆ ಒಂದು ಅಧ್ಯಾಯವೂ ಗ್ರಾಹಕ ಶಿಕ್ಷಣ ಮತ್ತು ರಕ್ಷಣೆಯ ಬಗ್ಗೆ ಇನ್ನೊಂದು ಅಧ್ಯಾಯವೂ ಇವೆ. ಎಸ್‌ಎಸ್‌ಎಲ್‌ಸಿ ಬರೆದ ಯಾವ ಮಗುವನ್ನು ಕೇಳಿದರೂ ಬ್ಯಾಂಕ್ ಎಂಬ ಪದ ಇಟಲಿಯ 'ಬ್ಯಾಂಕೋ' ಎಂಬುದರಿಂದ ಬಂತೆಂದು ಹೇಳುತ್ತದೆ, ಖಾತೆಗಳ ವಿಧಗಳನ್ನು ಒಂದೂ ಬಿಡದೆ ಒಪ್ಪಿಸುತ್ತದೆ. ನನ್ನ ಶಾಲೆಯಲ್ಲಿ ಆ ಅಧ್ಯಾಯವನ್ನು ಚೆನ್ನಾಗಿ ಓದಿ ಒಳ್ಳೆಯ ಅಂಕ ತೆಗೆದ ಹುಡುಗನೊಬ್ಬ ಮೂರು ವರ್ಷಗಳ ಬಳಿಕ ಒಂದು ಸಂಜೆ ಅಪ್ಪನೊಂದಿಗೆ ನಮ್ಮ ಮನೆಗೆ ಬಂದ. ಕಾಲೇಜಿನ ಪರಿಚಯದವನೊಬ್ಬ ಎರಡು ಸಾವಿರ ರೂಪಾಯಿ ಕೊಡುತ್ತೇನೆಂದನಂತೆ. ಇವನು ತನ್ನ ಉಳಿತಾಯ ಖಾತೆಯ ಎಟಿಎಂ ಕಾರ್ಡನ್ನೂ ಖಾತೆಗೆ ಜೋಡಿಸಿದ ಸಿಮ್ಮನ್ನೂ ಅವನ ಕೈಗೆ ಕೊಟ್ಟನಂತೆ. ಯಾರದ್ದೋ ಮೋಸದ ಹಣ ಆ ಖಾತೆಯ ಮೂಲಕ ಹಾದುಹೋಗಿ, ಬೇರೆ ರಾಜ್ಯದ ಪೊಲೀಸರಿಂದ ನೋಟಿಸು ಬಂದಿತ್ತು. 'ಖಾತೇನ ಬಾಡಿಗೆಗೆ ಕೊಡಬಾರದು ಅಂತ ಪಾಠದಲ್ಲಿ ಇರಲಿಲ್ಲ ಸಾರ್' ಎಂದ. ಅವನ ಮಾತು ನಿಜವೇ. ಆದರೆ ಇದ್ದಿದ್ದರೂ ಅದು ಎರಡು ಅಂಕದ ಉತ್ತರವಾಗಿ ಅವನ ತಲೆಯಲ್ಲಿ ಉಳಿಯುತ್ತಿತ್ತೇ ಹೊರತು, ಎದುರಿಗೆ ಎರಡು ಸಾವಿರ ರೂಪಾಯಿ ಹಿಡಿದು ನಿಂತ ಗೆಳೆಯನಿಗೆ 'ಆಗಲ್ಲ' ಎನ್ನುವ ಬಲವಾಗಿ ಒದಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಇದು ಒಬ್ಬ ಹಳೆಯ ಮೇಷ್ಟ್ರ ಗುಮಾನಿ ಮಾತ್ರವಲ್ಲ. ಈ ವಿಷಯವನ್ನು ಜಗತ್ತಿನ ಹಲವೆಡೆ ಲೆಕ್ಕ ಹಾಕಿ ನೋಡಿದ್ದಾರೆ. 2014ರಲ್ಲಿ ಪ್ರಕಟವಾದ ಒಂದು ಸಮೀಕ್ಷಾ ಅಧ್ಯಯನವು ಅಲ್ಲಿಯವರೆಗಿನ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಜನರ ಹಣಕಾಸಿನ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸಗಳಲ್ಲಿ ಕೇವಲ ಶೇ. 0.1ರಷ್ಟನ್ನು ಮಾತ್ರ ಇಂಥ ಶಿಕ್ಷಣದ ಲೆಕ್ಕಕ್ಕೆ ಹಿಡಿಯಬಹುದೆಂದು ಹೇಳಿತು. ಪಾಠದ ಪರಿಣಾಮ ತಿಂಗಳುಗಳು ಕಳೆದಂತೆ ಇಳಿಯುತ್ತ ಹೋಗುತ್ತದೆಂದೂ ಬಡವರಲ್ಲಿ ಅದು ಇನ್ನೂ ಕಡಿಮೆಯೆಂದೂ ಅದರಲ್ಲಿ ಕಂಡುಬಂತು. ಅಮೆರಿಕದ ರಾಜ್ಯಗಳು ಹಿಂದಿನ ದಶಕಗಳಲ್ಲಿ ಕಡ್ಡಾಯ ಮಾಡಿದ್ದ ಹಣಕಾಸು ಪಾಠಗಳನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನಕ್ಕೆ ಆ ಪಾಠಗಳ ಫಲ ಕಾಣಿಸಲೇ ಇಲ್ಲ. ಆದರೆ ಹೆಚ್ಚುವರಿ ಗಣಿತ ಕಲಿತವರು ಮುಂದೆ ತಮ್ಮ ಸಾಲವನ್ನೂ ಹೂಡಿಕೆಯನ್ನೂ ಮೇಲಾಗಿ ನಿಭಾಯಿಸಿದ್ದು ಕಾಣಿಸಿತು. ಗಣಿತದ ಮೇಷ್ಟ್ರಾಗಿ ಇದನ್ನು ಓದಿ ನಾನು ಹಿಗ್ಗಿದ್ದುಂಟು, ಅದನ್ನು ಮುಚ್ಚಿಡುವುದಿಲ್ಲ.

ಎದುರು ಸಾಕ್ಷ್ಯವೂ ಇದೆ, ಅದನ್ನು ಹೇಳದೆ ಹೋದರೆ ಅನ್ಯಾಯವಾದೀತು. 2022ರಲ್ಲಿ ಪ್ರಕಟವಾದ ಮತ್ತೊಂದು ಸಮೀಕ್ಷೆಯು ಕ್ರಮಬದ್ಧವಾಗಿ ನಡೆದ 76 ಪ್ರಯೋಗಗಳನ್ನು ಒಟ್ಟುಗೂಡಿಸಿ, ಫಲ ಇದ್ದೇ ಇದೆಯೆಂದು ತೋರಿಸಿತು. ಜಾರ್ಜಿಯಾ, ಟೆಕ್ಸಾಸ್ ಮುಂತಾದ ಕಡೆ ಇತ್ತೀಚೆಗೆ ಕಡ್ಡಾಯಗೊಳಿಸಿದ ಪಾಠಗಳ ನಂತರ ಯುವಕರು ಸಾಲದ ಕಂತು ತಪ್ಪಿಸುವುದು ಕಡಿಮೆಯಾಯಿತೆಂಬ ವರದಿಯೂ ಇದೆ. ಆದರೂ ಶಾಲೆಗಳ ಮಟ್ಟಿಗೆ ನಡೆದ ಪ್ರಯೋಗಗಳಲ್ಲಿ ಪದೇ ಪದೇ ಕಾಣುವ ಸಂಗತಿ ಒಂದೇ: ತಿಳಿವಳಿಕೆ ಎದ್ದು ಕಾಣುವಷ್ಟು ಏರುತ್ತದೆ, ನಡವಳಿಕೆ ಅಲ್ಪಸ್ವಲ್ಪ ಅಲುಗಾಡುತ್ತದೆ.

ಈ ಎಲ್ಲದರಲ್ಲಿ ನಮಗೆ ಹೆಚ್ಚು ಹತ್ತಿರವಾದದ್ದು ಬ್ರೆಜಿಲ್‌ನ ಪ್ರಯೋಗ. 2010-11ರಲ್ಲಿ ಅಲ್ಲಿನ ಆರು ರಾಜ್ಯಗಳ 892 ಸರ್ಕಾರಿ ಪ್ರೌಢಶಾಲೆಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನಲ್ಲಿ ಮಾತ್ರ ಹಣಕಾಸಿನ ಪಾಠ ನಡೆಸಿದರು. ಹೊಸ ವಿಷಯವೆಂದು ಹೊರೆ ಹೇರದೆ, ಗಣಿತ, ಸಮಾಜಶಾಸ್ತ್ರ ಮುಂತಾಗಿ ಇದ್ದ ವಿಷಯಗಳ ತರಗತಿಯಲ್ಲೇ ದಿನನಿತ್ಯದ ಪ್ರಸಂಗಗಳನ್ನು ಸೇರಿಸಿದರು. ತಂದೆತಾಯಿಯರ ಜೊತೆ ಕುಳಿತು ಮಾಡಬೇಕಾದ ಹೋಂವರ್ಕ್ ಕೊಟ್ಟರು. ಮಕ್ಕಳ ತಿಳಿವಳಿಕೆಯೂ ಉಳಿತಾಯವೂ ಹೆಚ್ಚಿದವು, ಮನೆಯವರ ತಿಳಿವಳಿಕೆಯೂ ಒಂದಿಷ್ಟು ಏರಿತು. ಆದರೆ ಅದೇ ಮಕ್ಕಳು ಕ್ರೆಡಿಟ್ ಕಾರ್ಡು, ಕಂತಿನ ಖರೀದಿ ಮುಂತಾದ ದುಬಾರಿ ಸಾಲಗಳನ್ನೂ ಹೆಚ್ಚು ಬಳಸತೊಡಗಿದ್ದು ಪ್ರಯೋಗ ನಡೆಸಿದವರನ್ನೇ ಚಿಂತೆಗೀಡುಮಾಡಿತು. ಸುಮಾರು ಒಂಬತ್ತು ವರ್ಷಗಳ ಬಳಿಕ ಅದೇ ವಿದ್ಯಾರ್ಥಿಗಳ ದಾಖಲೆ ತೆಗೆದು ನೋಡಿದಾಗ ಚಿತ್ರ ತಿರುಗಿತ್ತು: ಪಾಠ ಕಲಿತವರು ದುಬಾರಿ ಸಾಲಕ್ಕೆ ಕೈಚಾಚುವುದೂ ಬಾಕಿ ಉಳಿಸಿಕೊಳ್ಳುವುದೂ ಉಳಿದವರಿಗಿಂತ ಕಡಿಮೆಯಿತ್ತು. ಇಲ್ಲಿ ಫಲಕ್ಕಿಂತ ಹೆಚ್ಚಾಗಿ ನನ್ನನ್ನು ತಟ್ಟಿದ್ದು ಅವರ ತಾಳ್ಮೆ. ಅರ್ಧ ಶಾಲೆಗಳನ್ನು ಹಾಗೆಯೇ ಬಿಟ್ಟು ಹೋಲಿಸಿದ್ದರಿಂದ, ಬಂದ ಫಲ ಪಾಠದ್ದೋ ಕಾಲದ್ದೋ ಎಂದು ಅವರು ಹೇಳಬಲ್ಲವರಾದರು. ನಮ್ಮಲ್ಲಿ ಯೋಜನೆಯ ಉದ್ಘಾಟನೆಯ ದಿನವೇ ಅದು ಯಶಸ್ವಿಯಾಗಿರುತ್ತದೆ.

ಈಗ ನನ್ನ ತರಗತಿಗೆ ಬರುತ್ತೇನೆ. ನಮ್ಮ ಪಠ್ಯದಲ್ಲಿ ಬಡ್ಡಿ ಎಂದರೆ 'ವಾರ್ಷಿಕ ಶೇ. 12'. ನಮ್ಮ ಊರಿನಲ್ಲಿ ಬಡ್ಡಿ ಎಂದರೆ 'ನೂರಕ್ಕೆ ಮೂರು', ಅದೂ ತಿಂಗಳಿಗೆ. ತಿಂಗಳಿಗೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಕೇಳಿದೆ: ಒಬ್ಬರು ಶೇಕಡಾ ಇಪ್ಪತ್ತನಾಲ್ಕಕ್ಕೆ ಸಾಲ ಕೊಡುತ್ತಾರೆ, ಇನ್ನೊಬ್ಬರು ನೂರಕ್ಕೆ ಮೂರರಂತೆ ಕೊಡುತ್ತಾರೆ, ಯಾವುದು ಅಗ್ಗ? ಸರಳ ಬಡ್ಡಿಯ ಸೂತ್ರವನ್ನು ನಿದ್ದೆಯಲ್ಲೂ ಹೇಳಬಲ್ಲ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೂರೇ ಅಗ್ಗ ಎಂದು ಬರೆದರು. ನೂರಕ್ಕೆ ಮೂರು ಎಂದರೆ ವರ್ಷಕ್ಕೆ ಮೂವತ್ತಾರು ಎಂದು ಹಲಗೆಯ ಮೇಲೆ ಬಿಡಿಸಿದಾಗ ತರಗತಿ ಗಪ್‌ಚುಪ್ಪಾಯಿತು. ಹಿಂದಿನ ಬೆಂಚಿನಿಂದ ಒಬ್ಬನು 'ನಮ್ಮಪ್ಪ ಐದಕ್ಕೆ ತಂದವ್ರೆ ಸಾರ್' ಎಂದ.

ಮರುದಿನ ಕಂತಿನ ಸಾಲ. ಹತ್ತು ಸಾವಿರ ರೂಪಾಯಿ, ಒಂದು ವರ್ಷ, ಶೇ. 12 ಬಡ್ಡಿ, ಬಡ್ಡಿ 1,200 ಸೇರಿಸಿ ಹನ್ನೆರಡರಿಂದ ಭಾಗಿಸಿದರೆ ತಿಂಗಳ ಕಂತು ಸುಮಾರು 933. ಇಲ್ಲಿಯವರೆಗೆ ಎಲ್ಲರದೂ ಸರಿಯಿತ್ತು. 'ಆರು ತಿಂಗಳಿಗೆ ಅಸಲಿನಲ್ಲಿ ಎಷ್ಟು ತೀರಿತು?' ಎಂದು ಕೇಳಿದೆ. ಅರ್ಧ. 'ಹಾಗಾದರೆ ಏಳನೆಯ ತಿಂಗಳಲ್ಲಿ ಬಡ್ಡಿ ಎಷ್ಟರ ಮೇಲೆ ಹಾಕಿದ್ದಾರೆ?' ಪೂರ್ತಿ ಹತ್ತು ಸಾವಿರದ ಮೇಲೆ. ತೀರಿಸಿದ ಹಣಕ್ಕೂ ಬಡ್ಡಿ ಕಟ್ಟುತ್ತಿದ್ದೇವೆಂಬುದು ಆ ಕ್ಷಣದಲ್ಲಿ ಅವರಿಗೆ ತಾನಾಗಿಯೇ ಹೊಳೆಯಿತು. ಉಳಿದಿರುವ ಅಸಲಿನ ಮೇಲೆ ಮಾತ್ರ ಲೆಕ್ಕ ಹಾಕಿದರೆ ಈ ಹನ್ನೆರಡು ನಿಜಕ್ಕೂ ಇಪ್ಪತ್ತೊಂದನ್ನು ದಾಟುತ್ತದೆ. ಈ ಎರಡು ಅವಧಿಗಳಿಗೆ ಹೊಸ ಪುಸ್ತಕ ಬೇಕಾಗಲಿಲ್ಲ. ಊರಿನ ಮಾತಿನಲ್ಲಿ ಪ್ರಶ್ನೆ ಕೇಳಿದ್ದು ಸಾಕಾಯಿತು.

ಅದೇ ವಾರ ನಾನು ಒಂದು ತಪ್ಪನ್ನೂ ಮಾಡಿದೆ. ಮನೆಯಲ್ಲಿ ಸಾಲದ ಕಂತು ಬರೆದಿಡುವ ಕಾರ್ಡು ಇದ್ದರೆ ನೋಡಿಕೊಂಡು ಬನ್ನಿ ಎಂದುಬಿಟ್ಟೆ. ಹುಡುಗಿಯೊಬ್ಬಳು ತಾಯಿಯ ಮೂರು ಸಂಘಗಳ ಕಂತುಗಳನ್ನು ನೋಟ್‌ಬುಕ್ಕಿನಲ್ಲಿ ನೀಟಾಗಿ ಕೂಡಿ ತಂದಿದ್ದಳು: ತಿಂಗಳಿಗೆ 7,400. ಮನೆಯ ಆದಾಯ ಹದಿನಾಲ್ಕು ಸಾವಿರ ಎಂದು ಕೆಳಗೆ ಬರೆದಿದ್ದಳು. ಕಿರುಸಾಲ ಪಡೆದ ಕುಟುಂಬದ ಒಟ್ಟು ಕಂತು ಅದರ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಮಾಡಿದ ನಿಯಮ ಆಗ ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಅದನ್ನು ಅವಳಿಗೆ ಹೇಳಿ ಏನು ಮಾಡಲಿ? ನಿಯಮ ಮೀರಿದ್ದು ಸಾಲ ಕೊಟ್ಟವರು. ತಲೆ ತಗ್ಗಿಸಿ ನಿಂತದ್ದು ಆ ಮಗು. ಅಂದಿನಿಂದ ಮನೆಯ ಕಾಗದ ತರಿಸುವುದನ್ನು ಬಿಟ್ಟು, ಹೆಸರಿಲ್ಲದ ಕಾಲ್ಪನಿಕ ಕಾರ್ಡುಗಳನ್ನು ನಾನೇ ಬರೆದು ತರತೊಡಗಿದೆ. ಪಾಠ ಯಾರೇ ಬರೆಯಲಿ, ಈ ಎಚ್ಚರ ಅದರಲ್ಲಿರಬೇಕು. ಮನೆಯ ಸಂಕಟಕ್ಕೆಲ್ಲ ಮನೆಯವರ ಅಜ್ಞಾನವೇ ಕಾರಣವೆಂಬ ಧ್ವನಿ ಪಾಠದಲ್ಲಿ ಸುಳಿದರೂ ಅದು ಬಡ ಮಗುವಿಗೆ ಮಾಡುವ ಅವಮಾನವಾಗುತ್ತದೆ. 2025ರ ಫೆಬ್ರುವರಿಯಲ್ಲಿ ನಿಮ್ಮದೇ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತರಬೇಕಾಗಿ ಬಂದದ್ದು ಸಾಲಗಾರರಿಗೆ ಪಾಠ ಸಾಲದೆಂದಲ್ಲ, ಸಾಲ ಕೊಟ್ಟವರಿಗೆ ಅಂಕುಶ ಸಾಲದೆಂದು.

ಇನ್ನೊಂದು ಸಂಗತಿ. ನಮ್ಮದು ಕೊಬ್ಬರಿಯ ಸೀಮೆ. ಅಪ್ಪನ ಜೊತೆ ಮಾರುಕಟ್ಟೆಗೆ ಹೋಗಿಬರುವ ಹುಡುಗ ಮೂರು ಕ್ವಿಂಟಾಲ್ ನಲವತ್ತು ಕೆ.ಜಿ. ಕೊಬ್ಬರಿಗೆ ಕ್ವಿಂಟಾಲಿಗೆ 13,500ರಂತೆ ಎಷ್ಟಾಯಿತೆಂದರೆ ಪೆನ್ನು ಮುಟ್ಟದೆ 45,900 ಎನ್ನುತ್ತಾನೆ. ಅದೇ ಹುಡುಗನಿಗೆ 3.4 ಮತ್ತು 13,500ರ ಗುಣಲಬ್ಧ ಕಂಡುಹಿಡಿಯಿರಿ ಎಂದು ಕೊಟ್ಟರೆ ದಶಾಂಶ ಬಿಂದುವಿನ ಮುಂದೆ ಕೈಕಟ್ಟಿ ಕೂರುತ್ತಾನೆ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ತೋರಿಸಿತು. ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಆ ತಂಡದಲ್ಲಿದ್ದರು. ಸಂತೆಯ ಲೆಕ್ಕ ಬಲ್ಲ ಮಕ್ಕಳಿಗೆ ಪುಸ್ತಕದ ಲೆಕ್ಕ ಬರಲಿಲ್ಲ, ಪುಸ್ತಕದ ಲೆಕ್ಕ ಬಲ್ಲ ಶಾಲಾ ಮಕ್ಕಳಿಗೆ ಸಂತೆಯ ಲೆಕ್ಕ ಬರಲಿಲ್ಲ. ತರಗತಿಯಲ್ಲಿ ಕಲಿತದ್ದು ತಾನಾಗಿಯೇ ಬೀದಿಗೆ ನಡೆದು ಹೋಗುವುದಿಲ್ಲವೆಂದಾದರೆ, ಹಣದ ಪಾಠಕ್ಕೆ ಮಾತ್ರ ಕಾಲು ಮೂಡುವುದೆಂದು ಹೇಗೆ ನಂಬುವುದು?

ಉಳಿತಾಯದ ಅಭ್ಯಾಸ ನಮ್ಮ ನಾಡಿಗೆ ಬಂದ ಬಗೆಯನ್ನು ನೆನೆದರೂ ಇದೇ ತೋರುತ್ತದೆ. ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ ಯಾರಿಗೂ ಉಳಿತಾಯದ ಮಹತ್ವದ ಬಗ್ಗೆ ಪ್ರಬಂಧ ಓದಿಸಲಿಲ್ಲ. ಸಂಗ್ರಾಹಕನೊಬ್ಬ ದಿನವೂ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಾದರೂ ಸರಿ, ತೆಗೆದುಕೊಂಡು ಹೋದ. ಶಾಲೆಗಳಲ್ಲಿ ಈ ಕೆಲಸವನ್ನು 1970ರ ದಶಕದಲ್ಲಿ ಸಂಚಯಿಕ ಎಂಬ, ಮಕ್ಕಳೇ ನಡೆಸುವ ಶಾಲಾ ಉಳಿತಾಯ ಬ್ಯಾಂಕ್ ಮಾಡುತ್ತಿತ್ತು. ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ವರ್ಷ ಅದರ ಗುಮಾಸ್ತನಾಗಿದ್ದೆ. ಶನಿವಾರ ಬೆಳಗ್ಗೆ ಮೇಜಿನ ಮುಂದೆ ಸಾಲು, ನಾಲ್ಕಾಣೆ, ಎಂಟಾಣೆ, ಪಾಸ್‌ಬುಕ್ಕಿನಲ್ಲಿ ಒಂದು ಕಡೆ, ಖಾತಾ ಪುಸ್ತಕದಲ್ಲಿ ಇನ್ನೊಂದು ಕಡೆ. ಒಂದು ವಾರ ಲೆಕ್ಕದಲ್ಲಿ ಎಪ್ಪತ್ತೈದು ಪೈಸೆ ಕಡಿಮೆ ಬಂತೆಂದು ಮೇಷ್ಟ್ರು ಊಟದ ಬಿಡುವು ಪೂರ್ತಿ ನನ್ನನ್ನು ಕೂರಿಸಿಕೊಂಡರು. ಜಮೆ, ಖರ್ಚು, ಬಾಕಿ ಎಂಬ ಪದಗಳು ನನ್ನ ಬೆನ್ನುಮೂಳೆಗೆ ಇಳಿದದ್ದು ಆ ಮಧ್ಯಾಹ್ನ. ಸಂಚಯಿಕ ನಮ್ಮ ಕಡೆಯ ಶಾಲೆಗಳಿಂದ ಸದ್ದಿಲ್ಲದೆ ಮರೆಯಾಯಿತು. ಮಕ್ಕಳ ಸಂತೆ, ಮೆಟ್ರಿಕ್ ಮೇಳಗಳು ಇವೆ, ನಿಜ. ಆದರೆ ವರ್ಷಕ್ಕೊಂದು ದಿನ ಸೊಪ್ಪು ಮಾರಿ ಫೋಟೋ ತೆಗೆಸಿಕೊಂಡರೆ ಅದು ಹಬ್ಬವಾಗುತ್ತದೆ, ಅಭ್ಯಾಸವಾಗುವುದಿಲ್ಲ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಘಾನಾ ದೇಶದ ಶಾಲೆಗಳಲ್ಲಿ ಇಂಥ ಉಳಿತಾಯ ಸಂಘಗಳನ್ನು ಪರೀಕ್ಷಿಸಿದಾಗ, ಬರೀ ಹಣ ಕೂಡಿಡುವ ಪಾಠ ಹೇಳಿದ ಶಾಲೆಗಳ ಮಕ್ಕಳು ಮೊದಲಿಗಿಂತ ಹೆಚ್ಚು ದುಡಿಮೆಗೆ ಹೋಗತೊಡಗಿದರು. ಅದರ ಜೊತೆಗೆ ಮಕ್ಕಳ ಹಕ್ಕುಗಳ ಬಗ್ಗೆಯೂ ಮಾತಾಡಿದ ಶಾಲೆಗಳಲ್ಲಿ ಹಾಗಾಗಲಿಲ್ಲ. ಹಣ ಹೆಚ್ಚು ಕೂಡಿಸಿದವರಿಗೆ ಬಹುಮಾನ ಎಂದು ನಮ್ಮಲ್ಲಿ ಯಾರಾದರೂ ಉತ್ಸಾಹದಿಂದ ಘೋಷಿಸುವ ಮೊದಲು ಇದನ್ನು ನೆನಪಿಡಬೇಕು.

ಪಾಠ ಯಾರು ಹೇಳಬೇಕೆಂಬುದು ಮುಂದಿನ ಪ್ರಶ್ನೆ, ಇದರಲ್ಲಿ ನಾನು ಕಟುವಾಗಿಯೇ ಬರೆಯಬೇಕಾಗಿದೆ. 'ಉಚಿತ ಹಣಕಾಸು ಕಾರ್ಯಾಗಾರ' ನಡೆಸುತ್ತೇವೆಂದು ಶಾಲೆಯ ಬಾಗಿಲಿಗೆ ಬರುವವರಲ್ಲಿ ಹೆಚ್ಚಿನವರು ಏನನ್ನಾದರೂ ಮಾರುವವರು. ಹತ್ತನೆಯ ತರಗತಿಯ ಮಕ್ಕಳಿಗೆ ಷೇರು ವಹಿವಾಟಿನ ಆ್ಯಪ್ ತೋರಿಸಿ 'ಹಣವನ್ನು ದುಡಿಸಿ' ಎಂದು ಹೇಳಿಹೋದ ಒಂದು ತಂಡವನ್ನು ನಾನೇ ಕಂಡಿದ್ದೇನೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ, ಷೇರು ಬೆಲೆಯ ಏರಿಳಿತದ ಮೇಲೆ ಪಂತ ಕಟ್ಟುವಂಥ ವಹಿವಾಟಿಗಿಳಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟ ಮಾಡಿಕೊಂಡರೆಂದೂ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತೆಂದೂ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯೇ 2024ರಲ್ಲಿ ಹೇಳಿದೆ. ಆ ಅಂಕಿ ಅವರ ಸ್ಲೈಡುಗಳಲ್ಲಿ ಇರಲಿಲ್ಲ. ಸಾಲ, ವಿಮೆ, ಹೂಡಿಕೆ ಮಾರುವ ಯಾವ ಸಂಸ್ಥೆಯೂ ತರಗತಿಯೊಳಗೆ ಪಾಠ ಮಾಡಕೂಡದೆಂದು ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಅದೇ ದೊಡ್ಡ ಉಪಕಾರ.

ನಮ್ಮ ಶಿಕ್ಷಕರೇ ಕಲಿಸಲಿ ಎಂದರೆ, ಅವರ ಸ್ಥಿತಿಯನ್ನೂ ನೋಡಬೇಕು. ಹತ್ತು-ಹನ್ನೆರಡು ಸಾವಿರದ ಗೌರವಧನ ತಿಂಗಳುಗಟ್ಟಲೆ ಬಾರದೆ ಕೈಸಾಲ ಮಾಡಿಕೊಂಡ ಅತಿಥಿ ಶಿಕ್ಷಕರ ಕೈಗೆ 'ಆರು ತಿಂಗಳ ಖರ್ಚಿನಷ್ಟು ತುರ್ತು ನಿಧಿ ಇಟ್ಟುಕೊಳ್ಳಿ' ಎಂಬ ಪಾಠ ಕೊಟ್ಟು ಮಕ್ಕಳ ಮುಂದೆ ನಿಲ್ಲಿಸುವುದು ಕ್ರೌರ್ಯವೇ ಸರಿ.

ಹಾಗಾದರೆ ನಾನು ಕೇಳುವುದೇನು? ಹೊಸ ವಿಷಯ ಬೇಡ. ಎಂಟರಿಂದ ಹತ್ತನೆಯ ತರಗತಿಯವರೆಗಿನ ಗಣಿತದಲ್ಲಿ ಈಗಾಗಲೇ ಇರುವ ಶೇಕಡಾವಾರು ಮತ್ತು ಬಡ್ಡಿಯ ಲೆಕ್ಕಗಳನ್ನು 'ನೂರಕ್ಕೆ ಮೂರು', ವಾರದ ಕಂತು, ಚೀಟಿ ಕೂಗು, 'ಶೂನ್ಯ ಬಡ್ಡಿ' ಫೋನು ಇವುಗಳ ಭಾಷೆಯಲ್ಲಿ ಮರಳಿ ಬರೆಯಿಸಿ. 2024ರ ಅಕ್ಟೋಬರ್ 1ರಿಂದ ಸಾಲ ಕೊಡುವ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ವರ್ಷದ ನಿಜವಾದ ಬಡ್ಡಿದರವೂ ಸೇರಿದಂತೆ ಮುಖ್ಯ ವಿವರಗಳ ಪತ್ರವೊಂದನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಕೊಡಲೇಬೇಕೆಂಬ ನಿಯಮವಿದೆ. ಆ ಪತ್ರದ ಕನ್ನಡ ಮಾದರಿ ಹತ್ತನೆಯ ತರಗತಿಯ ಪ್ರತಿ ಮಗುವಿನ ಕೈಯಲ್ಲಿರಲಿ, ಪರೀಕ್ಷೆಯ ಪ್ರಶ್ನೆ 'ಬ್ಯಾಂಕೋ' ಬಿಟ್ಟು ಅದರ ಮೇಲೆ ಬರಲಿ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕ್ 2014ರಲ್ಲೇ ಅವಕಾಶ ಕೊಟ್ಟಿದೆ. ಸಂಚಯಿಕವನ್ನು ಆ ಖಾತೆಗಳ ಜೊತೆ ಹೊಂದಿಸಿ ಮತ್ತೆ ಆರಂಭಿಸಬಹುದು. ಖಾತೆ ಬಾಡಿಗೆ, ಸಾಲದ ಆ್ಯಪು, ಸೈಬರ್ ವಂಚನೆಯ ದೂರು ಕೊಡುವ 1930 ಸಹಾಯವಾಣಿ ಇವುಗಳ ಮಾತನ್ನು ಎಂಟನೆಯ ತರಗತಿಯಲ್ಲಿ ಹೇಳಿ ಮರೆಯಿಸುವ ಬದಲು, ದ್ವಿತೀಯ ಪಿಯುಸಿಯ ಕೊನೆಯ ತಿಂಗಳಲ್ಲಿ, ಮಗು ಕೈಗೆ ಕಾರ್ಡು ಹಿಡಿದು ಊರು ಬಿಡುವ ಹೊಸ್ತಿಲಲ್ಲಿ ಹೇಳಿ. ಅಹಮದಾಬಾದಿನ ಬಡ ಕುಟುಂಬಗಳಲ್ಲಿ ನಡೆದ ಪ್ರಯೋಗವೊಂದರಲ್ಲಿ ಬರೀ ವಿಡಿಯೊ ಪಾಠ ಹೆಚ್ಚೇನೂ ಮಾಡಲಿಲ್ಲ. ಗುರಿಯೊಂದನ್ನು ಗೊತ್ತು ಮಾಡಿಸಿ, ಒಬ್ಬೊಬ್ಬರ ಜೊತೆ ಕುಳಿತು ಮಾತಾಡಿದಾಗ ನಡವಳಿಕೆ ಬದಲಾಯಿತು. ಪಿಯು ಕಾಲೇಜಿನಲ್ಲಿ ಹಾಗೆ ಕುಳಿತು ಮಾತಾಡಲು ನಿವೃತ್ತ ಬ್ಯಾಂಕ್ ನೌಕರರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಮತ್ತು ಏನೇ ಮಾಡಿದರೂ ಮೊದಲು ಕೆಲವು ತಾಲ್ಲೂಕುಗಳ ಅರ್ಧ ಶಾಲೆಗಳಲ್ಲಿ ಮಾತ್ರ ಮಾಡಿ, ಎರಡು ವರ್ಷ ಕಾದು, ಅಂಕಪಟ್ಟಿಯ ಬದಲು ಪಾಸ್‌ಬುಕ್ಕುಗಳನ್ನು ಹೋಲಿಸಿ.

ನನ್ನ ಸೇವೆಯ ಕೊನೆಯ ಮೂರು ವರ್ಷ ನಮ್ಮ ಶಾಲೆಯಲ್ಲಿ ಮಕ್ಕಳೇ ಒಂದು ಸಣ್ಣ ಅಂಗಡಿ ನಡೆಸಿದರು: ಪೆನ್ನು, ನೋಟ್‌ಬುಕ್ಕು, ಜ್ಯಾಮಿತಿ ಪೆಟ್ಟಿಗೆ, ಬಂಡವಾಳ ಎರಡೂವರೆ ಸಾವಿರ. ಮೊದಲ ವರ್ಷ ಗೆಳೆಯರಿಗೆಲ್ಲ ಉದ್ರಿ ಕೊಟ್ಟು 340 ರೂಪಾಯಿ ಮುಳುಗಿಸಿದರು. ಯಾರಿಗೆ ಎಷ್ಟು ಉದ್ರಿ, ಎಷ್ಟು ದಿನಕ್ಕೆ ಎಂದು ಎರಡನೆಯ ವರ್ಷ ಅವರೇ ಜಗಳವಾಡಿ ನಿಯಮ ಮಾಡಿಕೊಂಡರು. ಮೂರನೆಯ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ನಾನು ಅವಸರದಲ್ಲಿ ಹಣ ಕೊಡದೆ ತೆಗೆದುಕೊಂಡಿದ್ದ ಕೆಂಪು ಪೆನ್ನಿನ ಹತ್ತು ರೂಪಾಯಿಯನ್ನು ನನ್ನ ಹೆಸರಿನ ಮುಂದೆ ಬಾಕಿ ಎಂದು ಬರೆದು, ಬೀಳ್ಕೊಡುಗೆಯ ದಿನ ವಸೂಲು ಮಾಡಿದಳು. ಆ ಮೂರು ವರ್ಷಗಳ ಖಾತಾ ಪುಸ್ತಕ ನನ್ನ ಬಳಿ ಇದೆ. ತಮ್ಮ ಕಚೇರಿಯಿಂದ ಯಾರಾದರೂ ನೋಡುವುದಾದರೆ, ಖುದ್ದಾಗಿ ತಂದುಕೊಡಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕ
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ